ನಲವತ್ತು ಕಲ್ಲಿನ ಲೋಡು

ನಮ್ಮ ಕಡೆ ಪಿಕಪ್ಪಿನಲ್ಲಿ ಒಂದು ಲೋಡು ಎಂದರೆ ಎಂಬತ್ತು ಕೆಂಪುಕಲ್ಲು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಡಬದಲ್ಲಿ ಮನೆ ಕಟ್ಟಿಸುವವರು ಸುಳ್ಯದ ಕಡೆಯ, ಕಲ್ಲು ಕಡಿಯುವ ಕೋರೆಗೆ ಫೋನು ಮಾಡಿ ನಾಳೆಗೆ ಎರಡು ಲೋಡು ಎಂದರೆ ಸಾಕು, ನೂರ ಅರವತ್ತು ಕಲ್ಲು ಎಂದು ಎರಡೂ ಕಡೆಯವರಿಗೆ ಗೊತ್ತು. ಅದು ತೂಕದಲ್ಲಿ ಎಷ್ಟಾಗುತ್ತದೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ಪಿಕಪ್ ಓಡಿಸಲು ಶುರುಮಾಡಿ ಒಂಬತ್ತು ವರ್ಷ ಆಗುವವರೆಗೆ ನಾನೂ ಕೇಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಏನೂ ಆಗಲಿಲ್ಲವಲ್ಲ, ಅದೇ ನನ್ನ ಬಳಿ ಇದ್ದ ದೊಡ್ಡ ಸರ್ಟಿಫಿಕೇಟು.

ಹಿಂದಿನ ಟಯರುಗಳಿಗೆ ಗಾಳಿಯನ್ನೂ ಎಂಬತ್ತೇ ಹೊಡೆಸುತ್ತಿದ್ದೆ. ಕಲ್ಲೂ ಎಂಬತ್ತು, ಗಾಳಿಯೂ ಎಂಬತ್ತು, ನೆನಪಿಡುವುದು ಸುಲಭ. ಗಾಳಿ ಜಾಸ್ತಿ ಇದ್ದಷ್ಟು ಟಯರು ಜಾಸ್ತಿ ಹೊರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಬೆಳಿಗ್ಗೆ ಚಪ್ಪಲಿ ಕಾಲಲ್ಲಿ ಟಯರಿಗೆ ಒಂದು ಒದೆ ಕೊಡುವುದು. ಕಾಲು ನೋಯಿತೋ, ಗಾಳಿ ಸರಿಯಾಗಿದೆ. ಗಾಡಿಯ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಕಂಪೆನಿಯವರು ಒಂದು ಪಟ್ಟಿ ಅಂಟಿಸಿರುತ್ತಾರೆ. ಖಾಲಿ ಗಾಡಿಗೆ ಎಷ್ಟು ಗಾಳಿ, ತುಂಬಿದ ಗಾಡಿಗೆ ಎಷ್ಟು, ಗಾಡಿ ಹೊರಬಹುದಾದ ಭಾರ ಎಷ್ಟು, ಎಲ್ಲ ಅದರಲ್ಲಿದೆ. ನಾನು ಅದರ ಮೇಲೆ ಸರಿಯಾಗಿ ದೇವರ ಸ್ಟಿಕ್ಕರ್ ಅಂಟಿಸಿದ್ದೆ. ಕಾಪಾಡುವ ಕೆಲಸವನ್ನು ಪೂರ್ತಿ ದೇವರಿಗೇ ವಹಿಸಿಕೊಟ್ಟಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ, ಕೋರೆಯಿಂದ ಇಳಿದು ಬರುವ ತಿರುವಿನಲ್ಲಿ, ಹಿಂದಿನ ಎಡಗಡೆಯ ಟಯರು ಒಡೆಯಿತು. ಕಲ್ಲು ಏರಿಸಿ ಇಳಿಸುವ ಇಬ್ಬರು ಎಂದಿನಂತೆ ಲೋಡಿನ ಮೇಲೆ ಕೂತಿದ್ದರು. ಕ್ಯಾಬಿನ್ನಿನಲ್ಲಿ ಜಾಗವಿತ್ತು, ಆದರೆ ಲೋಡಿನವರು ಮೇಲೆಯೇ ಕೂರುವುದು ಪದ್ಧತಿ. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಎತ್ತರದ ಮಣ್ಣಿನ ಬರೆಗೆ ಒರಗಿ ನಿಂತಿತು. ಬಲಗಡೆ ಆಳದಲ್ಲಿ ನೀರು ಹರಿಯುವ ತೋಡು. ಒಬ್ಬ ಹಾರಿಕೊಂಡ. ಇನ್ನೊಬ್ಬ ಕಲ್ಲುಗಳ ಜೊತೆಗೇ ಜಾರಿದ; ಅವನ ಕೈ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಹಾಸಿಗೆಯಲ್ಲಿ ಮಲಗಿದ್ದವನು ನನಗೇ ಸಮಾಧಾನ ಹೇಳಿದ. "ನೀವು ಎಂತ ಮಾಡ್ಲಿಕ್ಕೆ ಆಗ್ತದೆ ಮಾರಾಯ್ರೆ, ಟಯರು ಒಡೆದದ್ದಲ್ವಾ?"

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ನನ್ನ ಮೇಲೆ. ಟಯರು ತಾನಾಗಿ ಒಡೆದದ್ದಲ್ಲ. ಒಡೆಸಿದವನು ನಾನು. ಒಂಬತ್ತು ವರ್ಷದಿಂದ ದಿನಾ ಸ್ವಲ್ಪ ಸ್ವಲ್ಪ ಒಡೆಸುತ್ತಾ ಬಂದು ಆ ದಿನ ಮುಗಿಸಿದ್ದೆ, ಅಷ್ಟೆ.

ಅವನನ್ನು ಮನೆಗೆ ಬಿಟ್ಟ ವಾರ, ತೂಗಿಸಿ ನೋಡಲು ಎರಡು ಕಲ್ಲು ಹಾಕಿಕೊಂಡು ನೆಲ್ಯಾಡಿಯಲ್ಲಿ ರಬ್ಬರ್ ಶೀಟು ಕೊಳ್ಳುವ ಅಂಗಡಿಗೆ ಹೋದೆ. ಒಂದು ಕಲ್ಲು ಟರ್ಪಾಲಿನ ಅಡಿಯಲ್ಲಿ ಒಣಗಿ ಇದ್ದದ್ದು, ಇನ್ನೊಂದು ತಿಂಗಳಿಡೀ ಮಳೆಯಲ್ಲಿ ನೆನೆದದ್ದು. ಟಯರಾಗುವ ರಬ್ಬರಿನ ಹಾಲು ನಮ್ಮ ಗುಡ್ಡದ ಮರಗಳಿಂದಲೇ ಇಳಿಯುತ್ತದೆ. ಟಯರಿನ ಮೇಲೆ ಬರೆದದ್ದನ್ನು ಓದುವವರು ಮಾತ್ರ ಇಲ್ಲ. ತೂಕದ ಯಂತ್ರದ ಮೇಲೆ ಕಲ್ಲು ಇಟ್ಟಾಗ ಅಂಗಡಿಯವರು ಕನ್ನಡಕ ಏರಿಸಿ ನೋಡಿದರು.

"ಶೀಟಿಗಾದ್ರೆ ಗ್ರೇಡ್ ಉಂಟು, ಇದಕ್ಕೆ ಯಾವ ಗ್ರೇಡ್ ಹಾಕುದು ಮಾರಾಯ್ರೆ?"

ಒಣಗಿದ ಕಲ್ಲು ಮೂವತ್ತು ಕಿಲೋ. ನೆನೆದದ್ದು ಮೂವತ್ತನಾಲ್ಕು. ಕೆಂಪುಕಲ್ಲಿನ ಮೈತುಂಬ ತೂತು, ಮಳೆ ಬಂದರೆ ನೀರು ಕುಡಿಯುತ್ತದೆ, ಇದು ಮಕ್ಕಳಿಗೂ ಗೊತ್ತು. ಆದರೆ ನಾವು ಎಣಿಸುವವರು, ತೂಗುವವರಲ್ಲ. ಮಾರ್ಚಿನಲ್ಲೂ ಎಂಬತ್ತು, ಜುಲೈಯಲ್ಲೂ ಎಂಬತ್ತು. ಹಾಗಾದರೆ ಮಳೆಗಾಲದ ಒಂದೊಂದು ಲೋಡಿನಲ್ಲಿ ಮುನ್ನೂರ ಇಪ್ಪತ್ತು ಕಿಲೋ ಬರೀ ನೀರನ್ನು ನಾನು ಹೊತ್ತು ತಿರುಗಿದ್ದೆ, ಅದೂ ಒದ್ದೆ ರಸ್ತೆಯಲ್ಲಿ, ಅದೂ ಮೇಲೆ ಇಬ್ಬರನ್ನು ಕೂರಿಸಿಕೊಂಡು.

ಮನೆಗೆ ಬಂದು ದೇವರ ಸ್ಟಿಕ್ಕರನ್ನು ಮೆಲ್ಲನೆ ಬಿಡಿಸಿ ಸ್ಟಿಯರಿಂಗಿನ ಎದುರು ಅಂಟಿಸಿದೆ. ಅಡಿಯಲ್ಲಿದ್ದ ಪಟ್ಟಿ ಓದಿದೆ. ಗಾಡಿ ಹೊರಬಹುದಾದದ್ದು ಒಂದೂವರೆ ಟನ್ನು. ನಾನು ಹೊರಿಸಿದ್ದು ಎರಡೂ ಮುಕ್ಕಾಲಿನ ಹತ್ತಿರ. ತುಂಬಿದ ಗಾಡಿಯ ಹಿಂದಿನ ಟಯರಿಗೆ ಗಾಳಿ ಅರವತ್ತೈದು, ಅದೂ ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಮೇಲೆ ಗಾಳಿ ತಾನಾಗಿ ಏರುತ್ತದೆ. ಮೊದಲೇ ಎಂಬತ್ತು ಇದ್ದದ್ದು ಎಲ್ಲಿಗೆ ಏರುತ್ತಿತ್ತೋ ದೇವರೇ ಬಲ್ಲ. ಅಂದಿನಿಂದ ನನ್ನ ಲೆಕ್ಕ ಬೇರೆಯಾಯಿತು. ಬೇಸಗೆಯಲ್ಲಿ ನಲವತ್ತೈದು ಕಲ್ಲು, ಮಳೆಗಾಲದಲ್ಲಿ ನಲವತ್ತು. ಲೋಡಿನ ಇಬ್ಬರು ನನ್ನ ಪಕ್ಕ, ಕ್ಯಾಬಿನ್ನಿನಲ್ಲಿ. ಅವರ ತೂಕವೂ ಆ ಒಂದೂವರೆ ಟನ್ನಿನ ಒಳಗೆ.

ಕೋರೆಯಲ್ಲಿ ನಗೆಯೋ ನಗೆ. "ಇವತ್ತು ಬೆಳಿಗ್ಗೆ ದೋಸೆಯನ್ನೂ ತೂಗಿ ತಿಂದದ್ದಾ?" ಎಂದು ಕೇಳುವವರು. ನಾನು ಬರುವುದು ಕಂಡರೆ ಬೇಕೆಂದೇ ಒಂದೊಂದು ಕಲ್ಲನ್ನು ಎರಡೆರಡು ಜನ ಹಿಡಿದು, ನರಳಿಕೊಂಡು ತರುವವರು. ಬಾಡಿಗೆ ಅರ್ಧಕ್ಕೆ ಇಳಿಯಿತು. ಹೆದರಿದವನು ಎಂದು ನನ್ನನ್ನು ಕರೆದರು. ಹೌದು, ಹೆದರಿದ್ದೆ. ಹೆದರಲು ನನ್ನ ಹತ್ತಿರ ಕಾರಣವಿತ್ತು. ಹೆದರದೇ ಇರಲು ಅವರ ಹತ್ತಿರ ಏನಿತ್ತು ಎಂದು ಯಾರೂ ಹೇಳಲಿಲ್ಲ.

ಈ ಎಲ್ಲವನ್ನೂ ನಾನು ಸಹಿಸಿಕೊಂಡೆ. ಸಹಿಸಲು ಕಷ್ಟವಾದದ್ದು ಅಕ್ಕನ ಮನೆಯ ವಿಷಯ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಕಡಬ ಪೇಟೆಯಲ್ಲಿ ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೂ ಒಳಗಿನ ಗುಡ್ಡದ ಬದಿಯಲ್ಲಿ ಸ್ವಂತ ಮನೆಗೆ ಪಾಯ ಹಾಕಿಸಿದಳು. ಆ ಮನೆಯ ಒಂದೊಂದು ಕಲ್ಲೂ ನನ್ನ ಗಾಡಿಯಲ್ಲೇ ಬರಬೇಕು ಎಂದು ನನಗೆ ಆಸೆ. ಅವಳಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಬೇಸಗೆಯಲ್ಲಿ ಪಾಯದ ಕಲ್ಲನ್ನೆಲ್ಲ ನಲವತ್ತೈದರ ಲೆಕ್ಕದಲ್ಲಿ ತಂದು ಹಾಕಿದೆ, ಯಾರೂ ತಕರಾರು ಮಾಡಲಿಲ್ಲ. ಗೋಡೆ ಕಿಟಕಿಯ ಮಟ್ಟಕ್ಕೆ ಬರುವಾಗ ಮಳೆ ಬೇಗ ಹಿಡಿಯಿತು. ಕಲ್ಲು ಕಟ್ಟುವವರು ಕಲ್ಲಿಲ್ಲದೆ ಕೂತರು. ನಾನು ಮೊದಲ ಒದ್ದೆ ಲೋಡು ತಂದು ನಿಲ್ಲಿಸಿದಾಗ ಭಾವ ಕೊಡೆ ಹಿಡಿದುಕೊಂಡು ಬಂದು ಎಣಿಸಿದರು.

"ನಲವತ್ತು. ಉಳಿದದ್ದೆಲ್ಲಿ?"

"ಉಳಿದದ್ದು ಮಧ್ಯಾಹ್ನ ತರ್ತೇನೆ ಭಾವ."

"ಊರಿನವರೆಲ್ಲ ಎಂಬತ್ತು ತರುದು. ನೀನು ಸ್ವಂತ ಅಕ್ಕನ ಮನೆಗೆ ಅರ್ಧ ಲೋಡು ತರುದಾ?"

"ಅರ್ಧ ಅಲ್ಲ, ಇದೇ ಫುಲ್ ಲೋಡು. ಅವರು ತರುದು ಎರಡು ಲೋಡು, ಒಂದೇ ಗಾಡಿಯಲ್ಲಿ."

ಭಾವ ಲೋಡಿನವರ ಕಡೆ ತಿರುಗಿ ನಕ್ಕರು. ಆಗ ಅಕ್ಕ ಬಂದಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ, ನನ್ನ ಒದ್ದೆ ತೋಳಿನ ಮೇಲೆ ಕೈಯಿಟ್ಟಳು.

"ಗೋಡೆ ನೆನೆದು ಹೋಗ್ತಾ ಉಂಟು. ಇದೊಂದು ವಾರ ಎಂಬತ್ತು ತಾ ಮಾರಾಯ. ನನಗೋಸ್ಕರ."

ಅವಳು ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಆದರೆ ಪುತ್ತೂರಿನ ಆಸ್ಪತ್ರೆಯ ಹಾಸಿಗೆಯಲ್ಲಿ ಕಂಡ ಆ ಕೈ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಒಂದಲ್ಲ, ಎರಡು ಕಡಿದಾದ ಇಳಿಜಾರು.

"ನಿನಗೋಸ್ಕರ ದಿನಕ್ಕೆ ನಾಲ್ಕು ಸಲ ಬರ್ತೇನೆ. ಬಾಡಿಗೆ ಬೇಡ, ಡೀಸೆಲೂ ನನ್ನದೇ. ಎಂಬತ್ತು ಮಾತ್ರ ತರುದಿಲ್ಲ ಅಕ್ಕ."

ಅಕ್ಕ ಕೈ ತೆಗೆದು ಒಳಗೆ ಹೋದಳು. ಮರುದಿನದಿಂದ ಭಾವ ಬೇರೆಯವರ ಪಿಕಪ್ಪಿಗೆ ಹೇಳಿದರು.

ಆಮೇಲೆ ಮನೆ ಆಗುವವರೆಗೆ ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಆ ಪಿಕಪ್ಪು ದಿನಾ ನನ್ನ ಎದುರೇ ಹೋಗುತ್ತಿತ್ತು. ಹಿಂದಿನ ಟಯರುಗಳು ಅಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುತ್ತಿದ್ದವು, ಮುಂದಿನ ಚಕ್ರಗಳು ನೆಲಕ್ಕೆ ತಾಗಿಯೂ ತಾಗದ ಹಾಗೆ ಹಗುರ. ಕಲ್ಲಿನ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡ ಇಬ್ಬರು. ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ: ಯಾರಿಗೂ ನೋವಾಗದ ಹಾಗೆ ಅದರ ಒಂದು ಟಯರು ಒಡೆಯಲಿ, ಭಾವನ ಅಂಗಳದಲ್ಲೇ ಒಡೆಯಲಿ ಎಂದು ನಾನು ಆಸೆಪಟ್ಟದ್ದುಂಟು. ಒಡೆಯಲಿಲ್ಲ. ಒಂದು ಪಂಕ್ಚರ್ ಕೂಡ ಆಗಲಿಲ್ಲ. ಎಂಬತ್ತರ ಲೆಕ್ಕದಲ್ಲೇ ಕಲ್ಲೆಲ್ಲ ಬಂತು, ಗೋಡೆ ಎದ್ದಿತು, ಮೇಲೆ ಸ್ಲ್ಯಾಬೂ ಬಿತ್ತು.

ಹೊಸ ಮನೆಯ ಒಕ್ಕಲಿಗೆ ಹೋದೆ. ಕರೆದದ್ದು ಭಾವ, ಫೋನಿನಲ್ಲಿ. ಊಟಕ್ಕೆ ಕೂತಾಗ ಸಾಲಿನಲ್ಲಿ ಸಾರು ವಿಚಾರಿಸುತ್ತಾ ಬಂದ ಭಾವ ನನ್ನ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಎಂಬತ್ತು ತಂದವರಿಗೆ ಎಂತ ಆಯ್ತು ಹೇಳು? ಎಂತದೂ ಆಗ್ಲಿಲ್ಲ."

ಸಾಲಿನಲ್ಲಿ ನಗು ಹರಡಿತು. ನಾನು ಎಲೆಯಿಂದ ತಲೆ ಎತ್ತಿದೆ.

"ಎಂತದೂ ಆಗ್ಲಿಲ್ಲ, ಸಂತೋಷ. ಆದ್ರೆ ಅದು ನೀವು ಮಾಡಿದ ಕೆಲಸ ಅಲ್ಲ ಭಾವ, ನಿಮಗೆ ಸಿಕ್ಕಿದ್ದು. ನಾನು ಆಗದ ಹಾಗೆ ಮಾಡ್ಲಿಕ್ಕೆ ದಿನಾ ಕೆಲಸ ಮಾಡ್ತೇನೆ."

ನಗು ನಿಲ್ಲಲಿಲ್ಲ. ಬೇಕಾದಷ್ಟು ನಗಲಿ ಎಂದುಕೊಂಡು ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಜೋರಾಯಿತು. ನೆಂಟರನ್ನು ಪುತ್ತೂರಿಗೆ ಬಿಡಲು ಭಾವ ಒಂದು ಜೀಪು ಹೇಳಿದ್ದರು. ಒಂಬತ್ತು ಜನರ ಜೀಪಿಗೆ ಹದಿಮೂರು ಜನ ಹತ್ತಿದ್ದರು. ಅಕ್ಕನ ಮಗಳೂ ಅದರಲ್ಲೇ ಹೋಗುವುದೆಂದಾಗಿತ್ತು; ಅವಳ ಗಂಡನ ಮನೆ ಪುತ್ತೂರಿನಲ್ಲಿ, ಅವಳಿಗೆ ಆಗ ಏಳು ತಿಂಗಳು. ಬಾಗಿಲ ಬದಿಯಲ್ಲಿ ಯಾರೋ ಒತ್ತಿಕೊಂಡು ಅವಳಿಗೂ ಒಂದಿಷ್ಟು ಜಾಗ ಮಾಡಿದರು, ಅವಳೂ ಹತ್ತಿ ಕೂತಳು. ನಾನು ನನ್ನ ಪಿಕಪ್ಪಿನ ಹತ್ತಿರ ನಿಂತು ನೋಡುತ್ತಿದ್ದೆ.

ಅಕ್ಕ ಒಂದು ಗಳಿಗೆ ಜೀಪನ್ನೇ ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಇಳಿಸಿ, ಕೊಡೆಯ ಕೆಳಗೆ ನಡೆಸಿಕೊಂಡು ಅಂಗಳ ದಾಟಿ ನನ್ನ ಹತ್ತಿರ ಬಂದಳು. ಎಷ್ಟೋ ತಿಂಗಳ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಇದು:

"ಇವಳನ್ನು ನೀನು ಬಿಡು."

ಅಕ್ಕನ ಮಗಳನ್ನು ಹತ್ತಿಸಿ ಬೆಲ್ಟು ಹಾಕಿದೆ, ಹೊಟ್ಟೆಯ ಮೇಲೆ ಬರದೆ ಕೆಳಗಡೆ ಬರುವ ಹಾಗೆ. ಅಷ್ಟಕ್ಕೇ ಹೊರಟುಬಿಡಬಹುದಿತ್ತು. ಅಕ್ಕ ಮತ್ತೆ ನನ್ನ ಹತ್ತಿರ ಮಾತಾಡಿದ್ದಳು, ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕಲ್ಲಿಗೆ ನಾನು ಆಗ್ಲಿಲ್ಲ. ಮಗಳಿಗೆ ಆಗ್ತೇನಾ?"

"ಕಲ್ಲು ಬಿದ್ರೆ ಬೇರೆ ತರ್ಬಹುದು," ಎಂದಳು ಅಕ್ಕ.

"ಕಲ್ಲಿನ ಮೇಲೆ ಇಬ್ಬರು ಕೂತಿದ್ರು ಅಕ್ಕ. ದಿನಾ."

ಅಕ್ಕನ ಮುಖ ಸಣ್ಣದಾಯಿತು. ಹೊಸ ಮನೆಗೆ ಕಾಲಿಟ್ಟ ದಿನ ಅವಳಿಗೆ ಆಡಬಾರದ ಮಾತು, ಅದು ನನಗೂ ಗೊತ್ತಿತ್ತು. ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.