‘ಗೆಟ್’ ಪಾಠ, ಮುಲುಂಡ್‌ನಿಂದ ದಾದರ್‌ವರೆಗೆ

ಇಂಗ್ಲಿಷ್ ಕಲಿಸಿ ಕಲಿಸಿ ನನ್ನ ಗಂಟಲು ಸವೆದುಹೋಗಿದೆ. ಮುಂಬಯಿಯ ಮಲಾಡ್‌ನ ಶಾಲೆಯಲ್ಲಿ ಇಡೀ ದಿನ ಅದೇ ಕೆಲಸ. ಮನೆ ಇರುವುದು ಮುಲುಂಡ್‌ನಲ್ಲಿ. ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ಹೋಗಿಬರುವಷ್ಟರಲ್ಲಿ ಜೀವ ಹೈರಾಣಾಗುತ್ತದೆ. ಇದು ಸಾಲದೆಂಬಂತೆ ಲೇಡೀಸ್ ಡಬ್ಬಾದಲ್ಲೂ ಒಂದು ಪಾಠ ಗಂಟುಬಿತ್ತು.

ಗಂಟುಬಿದ್ದವಳು ಧಾರವಾಡದ ಕಡೆಯ ಹೆಣ್ಣುಮಗಳು. ನಮ್ಮ ಬಿಲ್ಡಿಂಗ್‌ನವಳೇ; ದಾದರ್‌ನಲ್ಲಿರುವ ಗಂಡನ ಸೀರೆ ಅಂಗಡಿಗೆ ದಿನಾ ನನ್ನ ಗಾಡಿಯಲ್ಲೇ ಹೋಗುತ್ತಿದ್ದಳು. ಮಗಳನ್ನು ದೊಡ್ಡ ಇಂಗ್ಲಿಷ್ ಶಾಲೆಗೆ ಸೇರಿಸಬೇಕಾಗಿತ್ತು. ಅಲ್ಲಿ ಅಪ್ಪ ಅಮ್ಮನಿಗೂ ಇಂಟರ್‌ವ್ಯೂ.

“ನಾ ಬಾಯಿ ಬಿಡಲಿಲ್ಲಂದ್ರ ಮಗಳ ಸೀಟು ಹೋಗ್ತೈತ್ರಿ ಟೀಚರ್” ಎಂದಳು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

‘ಗೆಟ್’ನಿಂದ ಶುರುಮಾಡಿದೆ. ಅದೊಂದು ಬಂದರೆ ಅರ್ಧ ಸಂಸಾರ ಸಾಗುತ್ತದೆ ಎಂದು ನನ್ನ ಎಣಿಕೆ. ಏಳುವುದು ಗೆಟ್ ಅಪ್, ಗಾಡಿ ಹತ್ತುವುದು ಗೆಟ್ ಆನ್, ಇಳಿಯುವುದು ಗೆಟ್ ಆಫ್. ಸಿಟ್ಟು ಬಂದರೂ ಗೆಟ್, ಜ್ವರ ಬಂದರೂ ಗೆಟ್, ಮದುವೆಯಾದರೂ ಗೆಟ್. ಹೊಂದಿಕೊಂಡು ಹೋಗುವುದು ಗೆಟ್ ಅಲಾಂಗ್. ಹೇಗೋ ದಿನ ದೂಡುವುದು ಗೆಟ್ ಬೈ, ಅದು ನನಗೆ ಚೆನ್ನಾಗಿ ಗೊತ್ತು. ವಿಕ್ರೋಳಿ ಬರುವಷ್ಟರಲ್ಲಿ ಆಕೆ ಕೈಮುಗಿದಳು.

“ಇದು ಮನಿ ಸೊಸಿ ಇದ್ದಂಗ ಐತ್ರಿ. ಯಾರ ಕೆಲಸ ಇದ್ರೂ ಇದರ ತಲಿ ಮ್ಯಾಲ!”

ಆ ನೂಕುನುಗ್ಗಲಿನಲ್ಲೂ ನಗು ಬಂತು. ನನ್ನ ಕ್ಲಾಸಿನ ಜಾಣಮಕ್ಕಳು ಯಾರೂ ಹೀಗೆ ಹೇಳಿದ್ದಿಲ್ಲ.

ಮಗಳಿಗೆ ಸೀಟೇನೋ ಸಿಕ್ಕಿತು. ಆದರೆ ಮನೆಯಲ್ಲೂ ಮಗುವಿನ ಜೊತೆ ಇಂಗ್ಲಿಷನ್ನೇ ಮಾತಾಡಬೇಕೆಂದು ಶಾಲೆಯವರು ತಾಕೀತು ಮಾಡಿದರು. ಈ ಠೇಂಕಾರ ಕಂಡರೆ ನನಗೆ ಮೈ ಉರಿಯುತ್ತದೆ. ಉರಿದು ಏನು ಮಾಡುವುದು, ನನ್ನ ಶಾಲೆಯೂ ಅದನ್ನೇ ಹೇಳುತ್ತದೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆಕೆಯ ಮುಖ ಬಾಡಿತ್ತು. ಮಗಳಿಗೆ ಜ್ವರ. ಅತ್ತೆಯ ಹತ್ತಿರ ಬಿಟ್ಟುಬಂದಿದ್ದಳು.

“ಮುಂಜಾನಿಂದ ಅಳಾಕತ್ತಿದ್ಳರಿ. ‘ಬಾ ನನ್ನ ಬಂಗಾರಾ’ ಅನ್ನೂದಕ್ಕ ನಿಮ್ಮ ಗೆಟ್‌ನಾಗ ಏನೈತ್ರಿ ಟೀಚರ್?”

“ಏನೂ ಇಲ್ಲ. ಕನ್ನಡದಲ್ಲೇ ಅನ್ನಿ.”

“ಮಮ್ಮಿ ಕನ್ನಡ ಮಾತಾಡ್ತಾಳಂತ ಆಕಿನ ಮಿಸ್‌ಗೆ ಹೇಳ್ತಾಳ್ರಿ.”

“ಹೇಳಲಿ ಬಿಡಿ. ಇಂಗ್ಲಿಷ್ ಟೀಚರೇ ಅಪ್ಪಣೆ ಕೊಟ್ಟಿದ್ದಾರೆ ಅನ್ನಿ. ಮೊದಲು ಫೋನ್ ಮಾಡಿ.”

ಮಾಡಿದಳು. ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದಳು. “ಬಂಗಾರಾ, ಗಂಜಿ ಕುಡದಿ ಏನವಾ? ಅಳಬ್ಯಾಡ ನನ್ನವ್ವಾ, ಲಗೂನ ಬರ್ತೀನಿ” ಎಂದು ಡಬ್ಬಾಕ್ಕೆಲ್ಲ ಕೇಳುವಂತೆ ಅಂದಳು. ಎಷ್ಟೋ ತಿಂಗಳಿಂದ ಕಟ್ಟಿಟ್ಟಿದ್ದ ಮಾತು. ನನ್ನ ಕಣ್ಣು ತುಂಬಿತು.

ಆ ಕಡೆಯಿಂದ ಜ್ವರದ ಸಣ್ಣ ದನಿ ಬಂತು: “ಮಮ್ಮಿ, ಇಂಗ್ಲಿಷ್ ಪ್ಲೀಸ್.”

ಅದರ ಅರ್ಥವನ್ನು ಆಕೆ ನನ್ನನ್ನು ಕೇಳಲಿಲ್ಲ.