ಕಾದ ಎಣ್ಣೆಯ ಮುಂದೆ ಬಾಯಿ ಮುಚ್ಚಿದಾಕೆ

ನರಿನ್ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂದಿನ ಅಡುಗೆಕೋಣೆಯಲ್ಲಿ ಬುರುಲ್ಚಾ ಬೋರ್ಸೊಕ್ ಕರಿಯುತ್ತಿದ್ದಾರೆ. ನಾದಿದ ಹಿಟ್ಟಿನ ತುಂಡುಗಳನ್ನು ಒಂದೊಂದಾಗಿ ಬಾಣಲೆಗೆ ಬಿಡುತ್ತಾರೆ. ಎಣ್ಣೆ ಚರ್ರೆನ್ನುತ್ತದೆ. ಪಕ್ಕದಲ್ಲಿ ರೆಕಾರ್ಡರ್ ಇದೆ. ಆಕೆಯ ತುಟಿಗಳು ಬಿಗಿದಿವೆ. ಇಲ್ಲಿಯ ಕಾವಲುಗಾರನಾದ ನಾನು ಆ ತುಟಿಗಳನ್ನೇ ನೋಡುತ್ತಿದ್ದೇನೆ; ಬಾಗಿಲ ಬಳಿ ನಿಂತ ಎರ್ಮೆಕ್ ಕೂಡ ಅವನ್ನೇ ನೋಡುತ್ತಿದ್ದಾನೆ.

ಎರ್ಮೆಕ್ ಇಲ್ಲಿಯ ಸಂಶೋಧಕ. ಆಡದ ಮಾತು ಮನುಷ್ಯನ ಕಿವಿಗೆ ಹೇಗೆ ಕೇಳಿಸುತ್ತದೆ, ಬುದ್ಧಿ ತುಂಬಿದ ಯಂತ್ರಕ್ಕೆ ಹೇಗೆ ಕೇಳಿಸುತ್ತದೆ ಎಂಬುದು ಅವನ ವಿಷಯ. ಅದಕ್ಕೆ ಮಾತಿಲ್ಲದ ಸದ್ದುಗಳು ಬೇಕು: ಹೊಳೆ, ಗಾಳಿ, ಕಾದ ಎಣ್ಣೆ. ಆ ಸದ್ದುಗಳನ್ನು ಹಿಡಿದು ತರುವುದು, ಕೇಳಲು ಬಂದವರನ್ನು ಕೂರಿಸಿ ಚಹಾ ಕೊಡುವುದು ಬುರುಲ್ಚಾ ಅವರ ಕೆಲಸ. ವರದಿಗಳಲ್ಲಿ ಅವರ ಹೆಸರಿಲ್ಲ. ಕುರಿ ಮೇಯಿಸಲು ಹೋದ ಗಂಡ ಸಾಪರ್ ಹಿಮದಡಿ ಸಿಕ್ಕಿ ತೀರಿಕೊಂಡ ಮೇಲೆ ಮನೆ ನಡೆದಿರುವುದು ಈ ಕೆಲಸದಿಂದಲೇ.

ಈಗ ಆ ಕೆಲಸಕ್ಕೇ ಕುತ್ತು ಬಂದಿದೆ. ಅವರು ತಂದ ಎಣ್ಣೆಯ ಸದ್ದನ್ನು ಕೇಳಿಸಿದಾಗ ಯಂತ್ರ, "ತೀರಿಕೊಂಡವರಿಗೆ ಮುಟ್ಟಲಿ, ಆಮೀನ್" ಎಂದು ಬರೆಯಿತು. ಕೇಳಲು ಬಂದ ಮುದುಕಿಯರೂ ಅದನ್ನೇ ಹೇಳಿದರು. ಶುಕ್ರವಾರ ಎಣ್ಣೆಯ ಪರಿಮಳವನ್ನು ಸತ್ತವರಿಗೆ ಕಳಿಸುವಾಗ ನಾವು ಆಡುವ ಮಾತು ಅದು.

"ಅಭ್ಯಾಸ ನೋಡಿ, ಅಕ್ಕಾ. ನಿಮಗೇ ಗೊತ್ತಾಗದೆ ಬಾಯಿಗೆ ಬಂದಿರುತ್ತೆ. ಹಾಗಾದ್ರೆ ನೀವು ತಂದ ಸದ್ದೆಲ್ಲ ಹಾಳು. ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದಿದ್ದ ಎರ್ಮೆಕ್.

"ಮಾತಾಡ್ಬೇಡಿ ಅಂದೆ, ಮಾತಾಡ್ಲಿಲ್ಲ ತಮ್ಮಾ. ನಿನ್ನ ಪೆಟ್ಟಿಗೇನ ಕೇಳು, ಅದಕ್ಕೆ ಯಾರು ಸತ್ತಿದ್ದಾರೆ ಅಂತ."

ನಾನೂ ಆ ಸದ್ದನ್ನು ಕೇಳಿದೆ. ನನಗೂ ಪ್ರಾರ್ಥನೆ ಕೇಳಿಸಿತು, ಅದೂ ಹೆಣ್ಣುದನಿಯಲ್ಲಿ. ಹೆಂಡತಿ ತೀರಿಕೊಂಡ ಈ ಚಳಿಗಾಲದಿಂದ ನನ್ನ ಮನೆಯಲ್ಲಿ ಶುಕ್ರವಾರದ ಎಣ್ಣೆಯನ್ನು ನಾನೇ ಕಾಯಿಸುತ್ತಿದ್ದೇನೆ. ಬುರುಲ್ಚಾ ಅವರ ಮೇಲಿನ ಅನುಮಾನ ಬಲವಾಯಿತು.

ಅದಕ್ಕೇ ಈ ಮುಂಜಾನೆಯ ಪರೀಕ್ಷೆ. ಇದು ಬೇಕೆಂದವರು ಬುರುಲ್ಚಾ ಅವರೇ. ಬಾಣಲೆಯ ಮುಂದೆ ನಿಲ್ಲುವ ಮೊದಲು, ನಾವು ನೋಡುತ್ತಿದ್ದಂತೆ, ಬಾಯಿ ತುಂಬ ನೀರು ತುಂಬಿಕೊಂಡಿದ್ದಾರೆ. ಈಗ ಕೊನೆಯ ತುಂಡು ತೆಗೆದು, ಒಲೆ ಆರಿಸಿ, ಆ ನೀರನ್ನು ಬೋಗುಣಿಗೆ ಉಗುಳುತ್ತಾರೆ. "ಅಳೆದು ನೋಡ್ತೀಯಾ?" ಎಂದು ಎರ್ಮೆಕ್‌ನ ಮುಂದೆ ಹಿಡಿಯುತ್ತಾರೆ.

ಅವನು ಸದ್ದನ್ನು ಯಂತ್ರಕ್ಕೆ ಕೊಡುತ್ತಾನೆ. ಪರದೆಯ ಮೇಲೆ ಅದೇ ಸಾಲು ಮೂಡುತ್ತದೆ: ತೀರಿಕೊಂಡವರಿಗೆ ಮುಟ್ಟಲಿ, ಆಮೀನ್.

ಎರ್ಮೆಕ್ ಆ ಸಾಲನ್ನು ಮತ್ತೊಮ್ಮೆ ಓದುತ್ತಾನೆ. ಆಮೇಲೆ ತಗ್ಗಿದ ದನಿಯಲ್ಲಿ ವಿವರಿಸುತ್ತಾನೆ. ಯಂತ್ರ ನಮ್ಮ ಭಾಷೆ ಕಲಿತದ್ದು ಹಳ್ಳಿಮನೆಗಳಲ್ಲಿ ಹಿಡಿದ ಧ್ವನಿಗಳಿಂದ. ಅಲ್ಲಿ ಎಣ್ಣೆ ಚರ್ರೆಂದರೆ ಹಿಂದೆಯೇ ಪ್ರಾರ್ಥನೆ ಬರುತ್ತದೆ. ಹಾಗಾಗಿ ಬಾರದಿದ್ದಾಗಲೂ ಬಂತೆಂದೇ ತಿಳಿಯುತ್ತದೆ, ನಮ್ಮ ಕಿವಿಯ ಹಾಗೆ. ಯಾರ ಮನೆಯ ಪ್ರಾರ್ಥನೆ, ಯಾರನ್ನು ಕೇಳಿ ಹಿಡಿದರು ಎಂದರೆ ಅವನಿಗೆ ಗೊತ್ತಿಲ್ಲ. ನನ್ನ ಅನುಮಾನ ಬುರುಲ್ಚಾ ಅವರನ್ನು ಬಿಟ್ಟು ಆ ಪೆಟ್ಟಿಗೆಯ ಕಡೆಗೆ ತಿರುಗಿದೆ; ಸ್ವಲ್ಪ ನನ್ನ ಕಿವಿಯ ಕಡೆಗೂ.

ಎಂದಿನಂತೆ ಕೆಲಸಕ್ಕೆ ಬನ್ನಿ ಎಂದು ಎರ್ಮೆಕ್ ಹೇಳುತ್ತಾನೆ. ಆಕೆ ತಲೆಯಾಡಿಸುತ್ತಾರೆ, ಆದರೆ ಒಲೆಯ ಬಳಿಯಿಂದ ಕದಲುವುದಿಲ್ಲ. ಇಂದು ಶುಕ್ರವಾರ. ನನ್ನ ಕಡೆ ತಿರುಗುತ್ತಾರೆ.

"ನಮ್ಮ ಶುಕ್ರವಾರದ ಎಣ್ಣೆಯೆಲ್ಲ ಇಲ್ಲೇ ಕಾಯ್ತು, ಅಣ್ಣಾ, ಮಾತಿಲ್ದೆ ಹೋಯ್ತು. ಪರಿಮಳ ಬಂತು, ಹೆಂಡ್ತಿ ದನಿ ಬರ್ಲಿಲ್ಲ ಅಂತ ಸಾಪರ್ ಏನಂದ್ಕೊಂಡ್ರೋ. ಇನ್ನೊಂದು ಹಿಡಿ ಹಿಟ್ಟಿದೆ. ಇದನ್ನ ಆರಿಸೋಕೆ ಹೇಳಿ, ಒಂದ್ಸಲ ಬಾಯಿಬಿಟ್ಟು ಕರೀತೀನಿ."

ಎರ್ಮೆಕ್ ರೆಕಾರ್ಡರ್ ಆರಿಸುತ್ತಾನೆ. ನಾನು ಹೋಗಿ ಅದರ ತಂತಿಯನ್ನೇ ಗೋಡೆಯಿಂದ ಕಿತ್ತಿಡುತ್ತೇನೆ.