ಮಿಕ್ಸರ್ ನಿಲ್ಲಿಸಿದ ಫೋಟೋಗ್ರಾಫರು

ಮಂಗೋರ್ ಹಿಲ್‌ನ ನಮ್ಮ ಓಣಿಯ ಫೋಟೋಗ್ರಾಫರು ಎಲ್ಲರ ಮದುವೆ ಫೋಟೋಗಳನ್ನೂ ಮನೆಯಲ್ಲಿ ಕಂಪ್ಯೂಟರಿಗೆ ಜೋಡಿಸಿದ, ಎರಡು ಡಿಸ್ಕಿನ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದರು. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುತ್ತಿತ್ತು. ಅದು ತುಂಬಿದಾಗ ಎರಡು ದೊಡ್ಡ ಡಿಸ್ಕು ತಂದರು.

"ಎರಡೂ ಒಮ್ಮೆಲೇ ಹಾಕಿಬಿಡ್ರಿ," ಎಂದೆ.

ಎದೆ ಹಿಡಿದುಕೊಂಡರು. "ಒಂದಾದ ಮ್ಯಾಲ ಒಂದ್ರಿ!" ಮದುವೆ ವೇದಿಕೆಗೆ ನುಗ್ಗುವ ಬೀಗರಿಗೂ ಅವರು ಹೇಳುತ್ತಿದ್ದದ್ದು ಇದನ್ನೇ.

ಮೊದಲು ಒಂದನ್ನಷ್ಟೇ ಬದಲಿಸಿ, ಒಳಗುಳಿದ ಹಳೆಯದರಿಂದ ಹೊಸ ಡಿಸ್ಕಿಗೆ ಫೋಟೋಗಳು ನಕಲಾಗುವವರೆಗೆ ಪೆಟ್ಟಿಗೆಯ ಮಿನುಗುವ ದೀಪವನ್ನು ದಸರೆಯ ಘಟದ ಮುಂದಿನ ನಂದಾದೀಪದಂತೆ ಕಾದರು. ಕರೆಂಟು ಹೋದೀತೆಂದು ಇಡೀ ಓಣಿಯ ಮಿಕ್ಸರ್ ನಿಲ್ಲಿಸಿದರು. ಹೆಂಗಸರು ಗೊಣಗಿದರೆ, "ಚಟ್ನಿ ಬೇಕೋ, ಮದುವಿ ಬೇಕೋ?" ಎನ್ನುತ್ತಿದ್ದರು.

ಎರಡನೆಯ ಡಿಸ್ಕಿನ ನಕಲೂ ಮುಗಿದ ಸಂಜೆ ಬಾಗಿಲಿಗೆ ಬಂದು ಕೂಗಿದರು: "ಆತ್ರಿ, ಇನ್ನ ರುಬ್ಬ್ರಿ!"

ಮಿಕ್ಸರುಗಳೆಲ್ಲ ಒಟ್ಟಿಗೇ ಗರ್ಜಿಸಿದವು. ಇಡೀ ಓಣಿಯ ಕರೆಂಟು ಹೋಯಿತು.

ಕತ್ತಲಲ್ಲಿ ಅವರ ದನಿಯೊಂದೇ ಕೇಳಿತು: "ಒಂದಾದ ಮ್ಯಾಲ ಒಂದ್ರಿ!"